ಮೈಮೂನಾಬಿಯ ಮೂವತ್ತಮೂರು ಗಜ

ಶಿರಸಿಯ ಮೋಟಾರ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಶಿವರಾತ್ರಿ ಹತ್ತಿರ ಬಂದರೂ ಚಳಿ ಹೋಗುವ ಮನಸ್ಸು ಮಾಡಿಲ್ಲ. ಮೂರನೆಯ ಮನೆಯ ಜಗಲಿಯಲ್ಲಿ, ಹೊಲಿಗೆ ಮಷೀನಿನ ಪಕ್ಕದ ಚಾಪೆಯ ಮೇಲೆ, ಹದಿಮೂರು ವರ್ಷದ ಸೀತಾ ಒಂದು ಕರಿಯ ಚೀಲದೊಳಗೆ ಎರಡೂ ಕೈ ತೂರಿಸಿಕೊಂಡು ಕೂತಿದ್ದಾಳೆ. ಒಳಗೆ ಏನೋ ಚಿಟಕ್ಕೆನ್ನುತ್ತದೆ. ಎದುರಿಗೆ ಸೂಜಿಗೆ ದಾರ ಪೋಣಿಸುತ್ತಿರುವ ಮೈಮೂನಾಬಿ ತಲೆ ಎತ್ತದೆಯೇ ತಪ್ಪು ಹಿಡಿಯುತ್ತಾರೆ.

"ಹಲ್ಲಿಗೆ ರೀಲಿನ ತೂತು ಕೂತಿಲ್ಲ ಮಗಾ. ಸಪ್ಪಳದಲ್ಲೇ ಗೊತ್ತಾಗ್ತದೆ. ತೆಗಿ, ಮತ್ತೆ ಹಾಕು."

ಚೀಲದೊಳಗಿರುವುದು ಸಿನೆಮಾ ತೆಗೆಯುವ ಕ್ಯಾಮೆರಾ. ತೆಂಗಿನಕಾಯಿಗಿಂತ ಕೊಂಚ ದೊಡ್ಡದು, ಗಡಿಯಾರದ ಹಾಗೆ ಕೀಲಿ ಕೊಟ್ಟರೆ ಓಡುತ್ತದೆ. ಅದಕ್ಕೆ ರೀಲು ತುಂಬುವುದನ್ನು ನೆರಳಲ್ಲಿಯೂ ಮಾಡಬಹುದು. ಆದರೆ ಹಾಗೆ ಮಾಡಿದರೆ ಮೊದಲ ಒಂದೆರಡು ಗಜ ಬೆಳಕಿಗೆ ಸುಟ್ಟು ಹೋಗುತ್ತದೆ. ಆ ಎರಡು ಗಜವೂ ಉಳಿಯಲಿ ಎಂದು ಮೈಮೂನಾಬಿ ಮೂರು ಪದರದ ಕರಿಯ ಬಟ್ಟೆಯಲ್ಲಿ ತೋಳಿರುವ ಚೀಲ ಹೊಲಿದಿದ್ದಾರೆ. ಎಂಟು ಮಂದಿ ವಿದ್ಯಾರ್ಥಿಗಳು ದಿನಾ ಬೆಳಿಗ್ಗೆ ಶಾಲೆಗೆ ಮುಂಚೆ ಇಲ್ಲಿಗೆ ಬಂದು, ಹಾಳಾದ ಹಳೆಯ ರೀಲೊಂದನ್ನು ಕಣ್ಣಿಲ್ಲದೆ ಬರೀ ಬೆರಳಲ್ಲಿ ತುಂಬಿ ಬಿಚ್ಚುತ್ತಾರೆ. ಒಬ್ಬೊಬ್ಬರು ದಿನಕ್ಕೆ ಐದು ಸಲ. ತಪ್ಪಿದರೆ ಆರನೆಯದು ದಂಡ.

ಪಟ್ಟಣದ ಶಾಲೆಯಲ್ಲಿ ಭೂಗೋಳ ಹೇಳಿಕೊಡುವ ಕಮಲಾಕರ ಮಾಸ್ತರರಿಗೆ ಒಂದು ಹುಚ್ಚು. ಮಕ್ಕಳೇ ತಮ್ಮ ಸುತ್ತಲಿನ ಬದುಕನ್ನು ಚಿಕ್ಕ ಸಿನೆಮಾ ಮಾಡಬೇಕು, ಅದರಲ್ಲಿ ರಾಜನೂ ಬೇಡ, ರಾಕ್ಷಸನೂ ಬೇಡ, ಇದ್ದದ್ದು ಇದ್ದ ಹಾಗೆ ಬರಬೇಕು. ಹುಚ್ಚೇನೋ ಮಾಸ್ತರರದು, ಕೈ ಮಾತ್ರ ಈ ದರ್ಜಿ ಹೆಂಗಸಿನದು. "ನಾನು ಪುಸ್ತಕ ಓದಿದವನು ಅಷ್ಟೆ. ಕಲಿಸುವವರು ಅವರು," ಎಂದು ಮಾಸ್ತರರು ಎಲ್ಲರೆದುರೂ ಹೇಳುತ್ತಾರೆ. ಅಷ್ಟು ಹೇಳುವ ದೊಡ್ಡತನ ಎಷ್ಟು ಮಾಸ್ತರರಿಗಿದೆ, ಹೇಳಿ!

ಮೈಮೂನಾಬಿಯ ಗಂಡ ಯಲ್ಲಾಪುರದ ಶಫಿ. ಹತ್ತು ವರ್ಷ ಟೆಂಟ್ ಸಿನೆಮಾದಲ್ಲಿ ಯಂತ್ರ ತಿರುಗಿಸಿದವರು. ಬೇಸಿಗೆ ಬಂತೆಂದರೆ ಗಾಡಿ ಕಟ್ಟಿಕೊಂಡು ಯಲ್ಲಾಪುರ, ಬನವಾಸಿ, ಸಿದ್ದಾಪುರ ಸುತ್ತು. ಹೆಂಡತಿಯೂ ಜೊತೆಗೆ ಹೋಗಿ ಹರಿದ ಟೆಂಟಿಗೆ ತೇಪೆ ಹಾಕುತ್ತ, ಪರದೆ ಹೊಲಿಯುತ್ತ, ಯಂತ್ರದ ಒಳಹೊರಗನ್ನೆಲ್ಲ ಕಲಿತುಬಿಟ್ಟರು. ಮಾತಾಡುವ ಸಿನೆಮಾ ಬಂದದ್ದೇ ಮೂಕಿ ಟೆಂಟು ಮುಚ್ಚಿತು. ಟೆಂಟಿನ ಧಣಿ ಹೋಗುವಾಗ ಈ ಪುಟ್ಟ ಕ್ಯಾಮೆರಾ ಮತ್ತು ಎರಡು ರೀಲನ್ನು ಶಫಿಯವರ ಕೈಗಿಟ್ಟು ಹೋದರು. ೧೯೩೫ರ ಮಳೆಗಾಲದಲ್ಲಿ ಚಳಿಜ್ವರ ಬಂದು ಶಫಿ ತೀರಿಕೊಂಡಾಗ ಎರಡೂ ರೀಲು ಹಾಗೇ ಇದ್ದವು.

ಜಗಲಿಯ ಗೋಡೆಯ ಮೇಲೆ ಶಫಿಯವರ ಒಂದೇ ಒಂದು ಫೋಟೋ ಇದೆ. ಹುಬ್ಬಳ್ಳಿಯ ಸ್ಟುಡಿಯೋದಲ್ಲಿ ಕುರ್ಚಿಯ ಮೇಲೆ ಕೈಯಿಟ್ಟು, ಕೋಲು ನುಂಗಿದವರ ಹಾಗೆ ಸೆಟೆದು ನಿಂತಿದ್ದಾರೆ.

"ಅವರೇ ಅದು. ಆದ್ರೆ ಅವರಲ್ಲ," ಎನ್ನುತ್ತಾರೆ ಮೈಮೂನಾಬಿ. "ಒಂದು ಕಡೆ ನಿಂತ ಮನುಷ್ಯನೇ ಅಲ್ಲ ಅವರು. ಊಟಕ್ಕೆ ಕೂತ್ರೂ ಕಾಲು ಅಲ್ಲಾಡಿಸ್ತಿದ್ರು. ಊರವರಿಗೆಲ್ಲ ಚಿತ್ರ ತಿರುಗಿಸಿದ್ರು, ಅವರದ್ದು ಯಾರೂ ತೆಗೀಲಿಲ್ಲ. ಈಗ ಅವರ ನಡಿಗೆ ಹೆಂಗಿತ್ತು ಅಂತ ನೆನಪು ಮಾಡ್ಕೊಂಡ್ರೆ, ಅರ್ಧ ಬರ್ತದೆ, ಅರ್ಧ ಬರೋದಿಲ್ಲ."

ಹೀಗಿರುವಾಗ ಮಾಸ್ತರರು ಮಕ್ಕಳನ್ನು ಕರೆದುಕೊಂಡು ಬಂದರು. ಮೊದಲ ರೀಲಿನ ಕಥೆ ಕೇಳಿದರೆ ಹೊಟ್ಟೆ ಹುಣ್ಣಾಗುವಷ್ಟು ನಗು ಬರುತ್ತದೆ. ಮಕ್ಕಳು ಉತ್ಸಾಹದಿಂದ ಬನವಾಸಿಯ ಸಂತೆಗೆ ಹೋಗಿ ಕಂಡಕಂಡದ್ದನ್ನೆಲ್ಲ ತೆಗೆದರು. ರೀಲು ಮುಂಬಯಿಗೆ ಹೋಗಿ ತೊಳೆದು ಬಂತು. ನೋಡಿದರೆ ಏನಿದೆ ಅದರಲ್ಲಿ? ಜನಕ್ಕೆ ಗೊತ್ತಿದ್ದದ್ದು ಫೋಟೋ ಒಂದೇ. ಕ್ಯಾಮೆರಾ ಕಂಡದ್ದೇ ತಡ, ಇಡೀ ಸಂತೆ ಕೈ ಇಳಿಬಿಟ್ಟು, ಉಸಿರು ಬಿಗಿಹಿಡಿದು ನಿಂತುಬಿಟ್ಟಿದೆ! ಅನಾನಸು ಹೆಚ್ಚುವ ಗೌರಕ್ಕ ಎತ್ತಿದ ಕತ್ತಿ ಎತ್ತಿದ ಹಾಗೇ ಹಿಡಿದಿದ್ದಾಳೆ. ನಾಲ್ಕು ನಿಮಿಷದಲ್ಲಿ ಅಲ್ಲಾಡಿದ್ದು ಒಂದು ನಾಯಿಯ ಬಾಲ ಮಾತ್ರ.

ಮಕ್ಕಳು ಜನರನ್ನು ಬೈದರು. ಮೈಮೂನಾಬಿ ಬಿಡಲಿಲ್ಲ. "ಕುಣೀಲಾರದವಳು ನೆಲ ಡೊಂಕು ಅಂದ್ಳಂತೆ. ಅಳತೆ ತಗೊಳ್ದೆ ಕತ್ತರಿ ಹಾಕಿದ್ದು ನೀವು. ಬಟ್ಟೆಗೆ ಬೈದ್ರೆ ಏನು ಬಂತು?"

ಅಂದಿನಿಂದ ಪಾಠ ಬದಲಾಯಿತು. ಒಂದು ರೀಲು ಎಂದರೆ ಮೂವತ್ತಮೂರು ಗಜ. ಸಾವಕಾಶವಾಗಿ ಏಳು ಎಣಿಸುವಷ್ಟರಲ್ಲಿ ಒಂದು ಗಜ ಓಡುತ್ತದೆ. ಮೈಮೂನಾಬಿ ಮೂವತ್ತಮೂರು ಗೇಣು ಉದ್ದದ ಕೋರಾ ಬಟ್ಟೆಯ ಪಟ್ಟಿ ಹರಿದು ಮಕ್ಕಳ ಮುಂದೆ ಹಾಸುತ್ತಾರೆ. ಗೇಣಿಗೊಂದು ಗಜದ ಲೆಕ್ಕದಲ್ಲಿ ಯಾವ ದೃಶ್ಯಕ್ಕೆ ಎಷ್ಟು ಗಜ, ಯಾವುದರ ಹಿಂದೆ ಯಾವುದು ಎಂದು ಮಕ್ಕಳು ಅದರ ಮೇಲೆ ಇದ್ದಿಲಲ್ಲಿ ಬರೆಯಬೇಕು. ಕೊನೆಯ ಮೂರು ಗೇಣು ಖಾಲಿ. "ಅದು ಹೊಲಿಗೆಗೆ ಬಿಡೋದು. ಅಷ್ಟೂ ಬಟ್ಟೆ ಲೆಕ್ಕಕ್ಕೆ ಹಿಡಿದ ದರ್ಜಿ ಉದ್ಧಾರ ಆಗಿದ್ದು ನಾ ನೋಡಿಲ್ಲ." ಆಮೇಲೆ ಮರದ ಖಾಲಿ ಡಬ್ಬಿ ಹಿಡಿದು ತಾಲೀಮು. ಸೀತಾ ಡಬ್ಬಿ ಹಿಡಿಯುತ್ತಾಳೆ, ಅವಳ ಜೊತೆಯ ರಾಮ ಗಟ್ಟಿಯಾಗಿ ಎಣಿಸುತ್ತಾನೆ. ನಾಲ್ಕು ತಿಂಗಳು ಇದೇ ನಡೆಯಿತು.

ಸೀತಾಳ ಅಜ್ಜಿಗೆ ಮೊದಮೊದಲು ಇದು ಸರಿ ಕಾಣಲಿಲ್ಲ. "ಎಂತ ಕಲೀತೆ ಕೂಸೆ, ಬೆಳಗಾಗದ್ರೊಳಗೆ ಹೋಗಿ?" ಎಂದು ದಿನಾ ಕೇಳುತ್ತಿದ್ದರಂತೆ. "ಆನು ಎಣಿಸೂದು ಕಲೀತೆ ಅಂದೆ. ಸುಳ್ಳು ಹೇಳಿದ್ದು ಇಲ್ಲೆ!" ಎಂದು ಸೀತಾ ನಗುತ್ತಾಳೆ.

ಎರಡನೆಯ ರೀಲಿಗೆ ಯಾರನ್ನು ಆರಿಸಬೇಕು ಎಂಬುದನ್ನು ಮೈಮೂನಾಬಿಯೇ ಹೇಳಿದರು. ಟಪಾಲು ಚೀಲ ಹೊತ್ತು ಓಡುವ ಕೆರಿಯಪ್ಪ. ಸಿದ್ದಾಪುರದಿಂದ ಇನ್ನೊಬ್ಬ ಓಟದವನು ಚನ್ನಯ್ಯ ತರುವ ಚೀಲವನ್ನು ಕಾನಸೂರಿನಲ್ಲಿ ಪಡೆದು, ಗೆಜ್ಜೆ ಕಟ್ಟಿದ ಭರ್ಚಿ ಹಿಡಿದು, ಹನ್ನೆರಡು ಮೈಲಿ ಓಡಿ ಶಿರಸಿ ಮುಟ್ಟಿಸುವವನು. ಇಪ್ಪತ್ತೆರಡು ವರ್ಷದ ಓಟ. ಕಳೆದ ಡಿಸೆಂಬರ್ ಒಂದರಿಂದ ಟಪಾಲು ಮೋಟಾರಿನಲ್ಲಿ ಬರುವುದೆಂದು ಗೊತ್ತಾಗಿತ್ತು. ನವೆಂಬರ್ ಮುಗಿದರೆ ಕೆರಿಯಪ್ಪ ಓಡುವುದಿಲ್ಲ. ರೀಲು ಉಳಿದಿದ್ದೂ ಒಂದೇ. "ಈ ಮನುಷ್ಯನ ಓಟಾನೂ ಅರ್ಧ ನೆನಪಾಗಿ ಹೋಗ್ಬಾರದು," ಎಂದು ಅವರು ಹಟ ಹಿಡಿದರು.

ಚೀಲ ಕೈಯಿಂದ ಕೈಗೆ ದಾಟುವುದು, ಹಳ್ಳ ದಾಟುವ ಕಾಲು, ಇವೆಲ್ಲ ಹಿಂದಿನೆರಡು ದಿನಗಳಲ್ಲಿ ಮುಗಿದವು. ಮುಖ ಕಾಣುವ ಹಾಗೆ ತೆಗೆಯಲು ಕೊನೆಯ ದಿನದ ಕೊನೆಯ ಓಟ ಬಾಕಿ. ಸಿದ್ದಾಪುರ ರಸ್ತೆಯ ತಿರುವಿನಲ್ಲಿ ಮಕ್ಕಳು ಕಾದು ನಿಂತಿದ್ದಾರೆ. ನಮ್ಮ ಕಡೆ ನೋಡಬೇಡಿ, ನಿಲ್ಲಬೇಡಿ ಎಂದು ಹತ್ತು ಸಲ ಹೇಳಿದ್ದಕ್ಕೆ ಹತ್ತು ಸಲವೂ ತಲೆ ಆಡಿಸಿದ ಮನುಷ್ಯ, ಗೆಜ್ಜೆ ಝಲ್ಲೆನಿಸುತ್ತ ತಿರುವಿಗೆ ಬಂದವನೇ ಕ್ಯಾಮೆರಾ ಕಂಡು ಗಕ್ಕನೆ ನಿಂತ! ರುಮಾಲು ಸರಿಮಾಡಿಕೊಂಡ. ಚೀಲ, ಭರ್ಚಿ ಕೆಳಗಿಟ್ಟು ಎರಡೂ ಕೈ ತೊಡೆಗೆ ಅಂಟಿಸಿದ. ಇಪ್ಪತ್ತೆರಡು ವರ್ಷ ಮಳೆಗೆ ನಿಲ್ಲದವನು, ಹುಲಿಗೆ ನಿಲ್ಲದವನು, ತೆಂಗಿನಕಾಯಿಯಷ್ಟು ಡಬ್ಬಿಗೆ ನಿಂತುಬಿಟ್ಟ.

ರಾಮನ ಎಣಿಕೆ ಏಳಕ್ಕೆ ಮುಟ್ಟಿ ಮತ್ತೆ ಒಂದರಿಂದ ಶುರುವಾಯಿತು. "ಓಡಿ ಕೆರಿಯಪ್ಪಣ್ಣ!" ಎಂದು ಸೀತಾ ಅಳುದನಿಯಲ್ಲಿ ಕೂಗಿದಳು. ಅವನು ತುಟಿ ಮಾತ್ರ ಅಲ್ಲಾಡಿಸಿ, "ಹಿಂಗೇ ಬರ್ಲಿ ತಂಗಿ, ಚಂದಾಗಿ ಬರ್ಲಿ," ಎಂದ. ಹೊಲಿಗೆಗೆ ಬಿಟ್ಟಿದ್ದ ಮೂರು ಗಜದಲ್ಲಿ ಎರಡು ಹೋಯಿತು.

ಪೊದೆಯ ಮರೆಯಲ್ಲಿದ್ದ ಮೈಮೂನಾಬಿ ಸೆರಗು ಸೊಂಟಕ್ಕೆ ಸಿಕ್ಕಿಸಿ ಎದ್ದವರೇ ಕೂಗಿದರು: "ಕೆರಿಯಪ್ಪಣ್ಣಾ! ಒಂಬತ್ತು ಹೊಡೀತು! ಟಪಾಲು ತಡ ಆಯ್ತು!"

ಗಂಟೆ ಇನ್ನೂ ಎಂಟೂ ಆಗಿರಲಿಲ್ಲ. ಆದರೆ ಆ ಮಾತು ಕಿವಿಗೆ ಬಿದ್ದದ್ದೇ ಕೆರಿಯಪ್ಪನ ಕಾಲು ಅವನನ್ನು ಕೇಳಲಿಲ್ಲ. ಚೀಲ ಹೆಗಲಿಗೇರಿತು, ಭರ್ಚಿ ಎದ್ದಿತು, ಅವನು ಓಡಿದ. ಕ್ಯಾಮೆರಾ ಇರುವುದನ್ನೇ ಮರೆತು ಓಡಿದ. ಸೀತಾ ಆ ಓಟವನ್ನು ಆರು ಗಜ ಹಿಡಿದಳು.

ಈ ಜನವರಿಯಲ್ಲಿ ಶಾಲೆಯ ಕಿಟಕಿಗಳಿಗೆಲ್ಲ ಕಂಬಳಿ ಹೊದಿಸಿ, ಹಾಡಹಗಲಲ್ಲೇ ಕತ್ತಲೆ ಮಾಡಿ, ಎರವಲು ತಂದ ಯಂತ್ರದಲ್ಲಿ ಚಿತ್ರ ತೋರಿಸಿದರು. ಪರದೆ ಎರಡು ಪಂಚೆ ಸೇರಿಸಿ ಮೈಮೂನಾಬಿ ಹೊಲಿದದ್ದು. ಮುಂದಿನ ಸಾಲಿನಲ್ಲಿ ಕೆರಿಯಪ್ಪ. ನಾಲ್ಕು ನಿಮಿಷ ಅವನು ರೆಪ್ಪೆ ಬಡಿಯಲಿಲ್ಲ. ಮುಗಿದ ಮೇಲೆ ಹೇಳಿದ: "ಇಷ್ಟು ವರ್ಷ ಓಡಿದೆ, ಓಡೂದು ಹೆಂಗೆ ಕಾಣ್ತದೆ ಅಂತ ನಾನೇ ನೋಡಿರ್ಲಿಲ್ಲ. ಅಡ್ಡಿಲ್ಲ. ಚಲೋನೇ ಓಡ್ತಿದ್ದೆ."

ಮೈಮೂನಾಬಿ ಹಿಂದಿನ ಸಾಲಿನಲ್ಲಿ ಸೆರಗಿನಿಂದ ಮುಖ ಮುಚ್ಚಿಕೊಂಡು ಅತ್ತರು. ಮರುದಿನ ಕೆರಿಯಪ್ಪ ಒಂದು ಬಾಟ್ಲಿ ಜೇನುತುಪ್ಪ ತಂದು, ಅವರು ಬೇಡ ಬೇಡವೆನ್ನುವಷ್ಟರಲ್ಲಿ ಮಷೀನಿನ ಮೇಲಿಟ್ಟು ಓಡಿಯೇ ಹೋದ. ಅಭ್ಯಾಸಬಲ! ಸೀತಾಳ ಅಜ್ಜಿಯ ಮನೆಯಿಂದ ಒಂದು ಕಟ್ಟು ಹಲಸಿನ ಹಪ್ಪಳ ಬಂತು. ಚಿತ್ರ ನೋಡಲು ಬಂದಿದ್ದ ಉಮ್ಮಚಗಿಯ ಹಿರಿಯರೊಬ್ಬರು ಮೂರನೆಯ ರೀಲು ತರಿಸಿಕೊಟ್ಟಿದ್ದಾರೆ. ಅದು ಈಗ ಫೋಟೋದ ಕೆಳಗಿನ ಗೂಡಿನಲ್ಲಿ ಕೂತಿದೆ.

"ನನಗೆ ಉಪಕಾರ ಅಂತಾರೆ ಎಲ್ರೂ," ಎನ್ನುತ್ತಾರೆ ಮೈಮೂನಾಬಿ. "ಉಪಕಾರ ಮಾಡಿದ್ದು ಈ ಮಕ್ಕಳು. ಇವರು ಬರ್ದೇ ಇದ್ರೆ ಆ ಕ್ಯಾಮೆರಾ ಪೆಟ್ಟಿಗೆಗೆ ಗೆದ್ದಲು ಹಿಡೀತಿತ್ತು. ನನಗೂ ಹಿಡೀತಿತ್ತು."

ಬೆಳಕು ಹರಿದಿದೆ. ಸೀತಾ ಚೀಲದಿಂದ ಕೈ ತೆಗೆಯುತ್ತಾಳೆ, ಈ ಸಲ ಹಲ್ಲು ಸರಿಯಾಗಿ ಕೂತಿದೆ. ಮೂರನೆಯ ರೀಲಿಗೆ ಯಾರು ಎಂಬ ಪ್ರಶ್ನೆಗೆ ಮಕ್ಕಳು ಮುಸಿಮುಸಿ ನಗುತ್ತಾರೆ. ಕೊನೆಗೆ ರಾಮ ಬೆನ್ನ ಹಿಂದಿನಿಂದ ಬಟ್ಟೆಯ ಸುರುಳಿ ತೆಗೆದು ಜಗಲಿಯುದ್ದಕ್ಕೂ ಬಿಡಿಸುತ್ತಾನೆ. ಮೂವತ್ತು ಗೇಣು ತುಂಬ ಮೈಮೂನಕ್ಕ: ಕತ್ತರಿ ಹಿಡಿದ ಕೈ, ಮಷೀನಿನ ಚಕ್ರ, ಬಾಯಲ್ಲಿ ಕಚ್ಚಿದ ದಾರ. ಕೊನೆಯ ಮೂರು ಗೇಣು ಖಾಲಿ.

ಮೈಮೂನಾಬಿ ಬಟ್ಟೆಯ ಪಕ್ಕ ಮಂಡಿಯೂರಿ ಕೂತು ಬೆರಳಿಟ್ಟು ಓದುತ್ತಾರೆ. ಮೊದಲ ಗೇಣಿನಲ್ಲಿ, "ಮೈಮೂನಕ್ಕ ಬಾಗಿಲಲ್ಲಿ ನಿಂತಿದ್ದು" ಎಂದಿದೆ.

"ಗುರುಗಳನ್ನ ಮೊದ್ಲು ಮರ್ಯಾದೆಯಿಂದ ನಿಲ್ಲಿಸಿ ತೋರಿಸ್ಬೇಕು ಅಂತ..." ಎಂದು ಸೀತಾ ಮೆಲ್ಲಗೆ ಹೇಳುತ್ತಾಳೆ.

ಮೈಮೂನಾಬಿ ಇದ್ದಿಲು ಇಸಿದುಕೊಂಡು ಆ ಗೇಣಿನ ಮೇಲೆ ಅಡ್ಡಗೆರೆ ಎಳೆಯುತ್ತಾರೆ. ಒಮ್ಮೆ ಗೋಡೆಯ ಫೋಟೋದ ಕಡೆ ನೋಡಿ, ಕಣ್ಣೊರೆಸಿಕೊಂಡು ಮಷೀನಿನ ಮುಂದೆ ಕೂರುತ್ತಾರೆ.

"ನಿಂತವರು ಒಬ್ಬರು ಇದ್ದಾರಲ್ಲ ಮನೇಲಿ, ಸಾಕು. ನಾನು ಹೊಲೀತಿರ್ತೀನಿ, ನೀವು ಎಣಿಸಿ."