ನೆಗೆಣ್ಣಿ ಓದುವ ಹೊತ್ತು

ಬರೆಯಲು ಯಾವ ಹೊತ್ತು ಒಳ್ಳೆಯದು ಎಂದು ನಾನು ಯೋಚಿಸತೊಡಗಿದ್ದು ನೆಗೆಣ್ಣಿಯ ಬರಹ ಭಾನುವಾರದ ಪುರವಣಿಯಲ್ಲಿ ಅಚ್ಚಾದ ಮೇಲೆ. ನೆಗೆಣ್ಣಿ ಎಂದರೆ ಮೈದುನನ ಹೆಂಡತಿ, ಜುಗೂಳದ ಹೊಳೆಸಾಲಿನ ಹುಡುಗಿ. ಕಾನ್ವೆಂಟಿನಲ್ಲಿ ಓದಿದವಳು ನಾನು. ಸಿಸ್ಟರುಗಳು ಮೆಚ್ಚಿದ ದುಂಡು ಅಕ್ಷರ ನನ್ನದು. ಅಂಕಲಿಯ ಈ ಮನೆಗೆ ಬಂದಾಗಿನಿಂದ ಏನಾದರೂ ಬರೆಯಬೇಕು ಅಂದುಕೊಳ್ಳುತ್ತಲೇ ಇದ್ದೆ. ಅಚ್ಚಾದದ್ದು ಮಾತ್ರ ಅವಳದು.

ಅವಳು ಬರೆಯುವುದು ನಸುಕಿನಲ್ಲಿ, ಹಿತ್ತಲ ಹಂಡೆ ಒಲೆಯ ಮುಂದೆ. ನಮ್ಮ ಮನೆಯಲ್ಲಿ ಮೊದಲು ಎದ್ದವರೇ ಉರಿ ಹಚ್ಚಬೇಕು. ಎಲ್ಲರ ಜಳಕ ಮುಗಿಯುವವರೆಗೆ ಒಲೆ ಅವರದೇ. ಉರುವಲು ಕಬ್ಬಿನ ರವದಿ. ಆ ಒಣ ಗರಿ ಭಗ್ಗೆಂದು ಉರಿದು ತಟ್ಟನೆ ಬೂದಿಯಾಗುತ್ತದೆ, ತುರುಕುತ್ತಲೇ ಇರಬೇಕು. ಅವಳ ಎಡಗೈ ರವದಿ ತುರುಕುತ್ತಿತ್ತು, ಬಲಗೈ ತೊಡೆಯ ಮೇಲಿನ ಹಾಳೆ ತುಂಬಿಸುತ್ತಿತ್ತು. ಉರಿಯ ಬೆಳಕಿನಲ್ಲಿ ಚೆಂದ ಬೇರೆ ಕಾಣುತ್ತಿದ್ದಳು.

ಗುಟ್ಟು ಆ ಹೊತ್ತಿನಲ್ಲೇ ಇದೆ ಎಂದುಕೊಂಡು ಒಂದು ದಿನ ಅವಳಿಗಿಂತ ಮೊದಲೇ ಎದ್ದು ಅವಳ ಮಣೆಯ ಮೇಲೆ ಕುಳಿತೆ. ಸಾಲು ಹಿಡಿದರೆ ಉರಿ ಆರುತ್ತಿತ್ತು. ಉರಿ ನೋಡಿದರೆ ಸಾಲು ಆರುತ್ತಿತ್ತು.

"ನೀರ ಕಾದಿಲ್ಲಲ್ಲವಾ," ಎಂದರು ಮಾವ ಬಚ್ಚಲಿನಿಂದ.

ನೆಗೆಣ್ಣಿ ಕಣ್ಣುಜ್ಜುತ್ತ ಬಂದಳು. "ಅಕ್ಕಾ, ನೀವ್ಯಾಕ ಎದ್ರಿ?"

"ಸುಮ್ಮನ. ನೀ ಮಲ್ಕೊ ಹೋಗು."

"ನಾಳಿಗೂ ಏಳ್ತೀರೇನ್ರಿ?"

ಹಟಕ್ಕೆ ಹೂಂ ಎಂದೆ. ಚಹಾದ ಬಸಿ ಊದುತ್ತಿದ್ದ ಅತ್ತೆ, "ದೊಡ್ಡಾಕಿ ಈಗ ಶಾಣ್ಯಾಕಿ ಆದಳು ನೋಡ," ಎಂದು ಅದಕ್ಕೆ ಮುದ್ರೆ ಒತ್ತಿಬಿಟ್ಟರು. ಅಂದಿನಿಂದ ಒಲೆ ನನ್ನ ಪಾಲಾಯಿತು. ಅವಳು ಹಾಸಿಗೆಯಲ್ಲೇ ಗೋಡೆಗೊರಗಿ, ಹೊದಿಕೆ ಹೊದ್ದು ಬರೆಯತೊಡಗಿದಳು. ಎಡಗೈಗೂ ಬಿಡುವು ಸಿಕ್ಕಿ ಹಾಳೆಗಳು ಹೆಚ್ಚಾದವು. ನನ್ನ ಸೆರಗಿಗೆ ಬರೀ ಹೊಗೆಯ ವಾಸನೆ.

ಬರೆದದ್ದನ್ನು ಅವಳು ಮಧ್ಯಾಹ್ನ ಊಟವಾದ ಮೇಲೆ ಪಡಸಾಲೆಯಲ್ಲಿ ಓದುತ್ತಾಳೆ. ಅತ್ತೆ ಅಡಿಕೆ ಕತ್ತರಿಸುವುದನ್ನು ನಿಲ್ಲಿಸಿ ಕೇಳುತ್ತಾರೆ. ಪಕ್ಕದ ಮನೆಯ ಮರಾಠಿ ಕಾಕು ಅರ್ಧ ತಿಳಿಯದಿದ್ದರೂ "ಲಯ್ ಭಾರಿ" ಎನ್ನುತ್ತಾರೆ. ಆ ಹೊಗಳಿಕೆ ಸಹಿಸಲಾರದೆ ಒಂದು ಮಧ್ಯಾಹ್ನ ಪಾತ್ರೆಯ ನೆಪ ಹೇಳಿ ಅಡುಗೆಮನೆ ಸೇರಿದೆ.

ಮನೆಮಂದಿಯೆಲ್ಲ ಅವಳ ಮುಂದೆ ಕುಳಿತಿದ್ದರು. ಚಹಾ ಕೇಳುವವರಿಲ್ಲ, ಕನ್ನಡಕ ಹುಡುಕಿಕೊಡು ಎನ್ನುವವರಿಲ್ಲ. ರೊಟ್ಟಿ ಡಬ್ಬಿಯ ಮೇಲೆ ಹಾಳೆ ಇಟ್ಟು, ಹೊಟ್ಟೆ ಉರಿಯುತ್ತಿದ್ದಂತೆಯೇ ಮೊದಲ ಸಾಲು ಬರೆದೆ. ಎರಡನೆಯದು ತಾನಾಗಿ ಬಂತು. ಹಾಳೆ ತುಂಬಿತು, ಮಗುಚಿ ಹಾಕಿದೆ.

ಹೊರಗೆ ಅವಳ ದನಿ ನಿಂತಿತು. ನನ್ನ ಪೆನ್ನೂ ನಿಂತಿತು.

"ಅಕ್ಕಾ, ಮುಗೀತ್ರಿ. ನೀವು ಕೇಳಲೇ ಇಲ್ಲ."

"ಇಲ್ಲಿಂದನ ಕೇಳಾಕತ್ತೀನಿ," ಎಂದೆ. "ಭಾಳ ಚಲೋ ಐತಿ. ಇನ್ನೊಂದ ಓದು ಬೇ, ಉದ್ದಂದು."

ನನ್ನ ಬಾಯಿಂದ ಮೊದಲ ಸಲ ಹೊಗಳಿಕೆ ಕೇಳಿದ ಅವಳು ಹಿಗ್ಗಿನಿಂದ ಶುರುಮಾಡಿದಳು. ಅವಳು ಏನು ಓದಿದಳೋ, ನನಗೆ ಇಂದಿಗೂ ಗೊತ್ತಿಲ್ಲ.