ಎಂಜಿನ್ನಿಗೆ ಹಾಕಿದ ಭಂಡಾರ

ರಾಜು, ಆ ಟ್ರ್ಯಾಕ್ಟರಿನ ಎಂಜಿನ್ ಕೆಡಿಸಿದವಳು ನಾನು. ನೀನಲ್ಲ. ನಿನ್ನ ವೈನಿ — ನಿನ್ನಣ್ಣನ ಹೆಂಡತಿ, ತಾಯಿಯಿಲ್ಲದ ಮೈದುನನನ್ನು ಮಗನಂತೆ ಬೆಳೆಸಿದಳೆಂದು ಅಂಕಲಿ ಊರ ತುಂಬ ಹೊಗಳಿಸಿಕೊಂಡವಳು. ಇಷ್ಟು ವರ್ಷ ಬಾಯಿಗೆ ಬೀಗ ಹಾಕಿಕೊಂಡು ಕೂತೆ.

ಹೊಸ ಗಾಡಿಯನ್ನು ಪೂಜೆಗೆಂದು ಮಂಗಸೂಳಿಯ ಮಲ್ಲಯ್ಯನ ಗುಡಿಗೆ ಒಯ್ದಿದ್ದೆವಲ್ಲ. ಮಲ್ಲಯ್ಯನ ಭಂಡಾರವನ್ನು — ಪೂಜೆಯ ಅರಿಷಿಣ ಪುಡಿಯನ್ನು — ಬಾನೆಟ್ಟಿಗೆ, ಸ್ಟೇರಿಂಗಿಗೆ, ಗಾಲಿಗೆ ಹಚ್ಚಿದೆವು. ನೀನೂ ನಿನ್ನಣ್ಣನೂ ಊಟದ ಪಂಕ್ತಿಯಲ್ಲಿ ಎಲೆ ಹಿಡಿಯಲು ಹೋದಾಗ ನಾನೊಬ್ಬಳೇ ಗಾಡಿಯ ಹತ್ತಿರ ಉಳಿದೆ. ನನ್ನಪ್ಪ ಟ್ರ್ಯಾಕ್ಟರ್ ಮಗುಚಿ ಸತ್ತವನು — ಆ ಹೆದರಿಕೆ ನನ್ನನ್ನು ಬಿಟ್ಟಿರಲಿಲ್ಲ. ಹೊರಗೆ ಹಚ್ಚಿದ್ದು ಮಳೆಗೆ ತೊಳೆದು ಹೋಗುತ್ತದೆ, ಒಳಗೆ ಹಾಕಿದರೆ ದೇವರು ಒಳಗೇ ಇರುತ್ತಾನೆ ಅನ್ನಿಸಿತು. ಆಯಿಲ್ ಹಾಕುವ ಮುಚ್ಚಳ ಯಾವುದೆಂದು ನೀನೇ ಕುಣಿಕುಣಿದು ತೋರಿಸಿದ್ದೆ. ಅದನ್ನು ತಿರುವಿ ತೆಗೆದು, ಭಂಡಾರವನ್ನು ಮುಷ್ಟಿ ತುಂಬ ಸುರಿದೆ. ಮುಚ್ಚಳ ಹಾಕಿ ಕೈಯನ್ನೂ ಮುಗಿದೆ. ಎಂಥ ಜಾಣತನ ನೋಡು.

ಹೊಸ ಎಂಜಿನ್ ಐವತ್ತು ತಾಸು ಓಡಿದ ಮೇಲೆ ಮೊದಲ ಆಯಿಲ್ ಬದಲಿಸಲೇಬೇಕೆಂದು ನೀನು ಹೇಳುತ್ತಿದ್ದೆ. ಹೊಸ ಭಾಗಗಳು ಒಂದಕ್ಕೊಂದು ಉಜ್ಜಿ ಸಣ್ಣ ಲೋಹದ ಪುಡಿ ಆಯಿಲಿಗೆ ಇಳಿದಿರುತ್ತದೆ, ಅದನ್ನು ಹಾಗೇ ಬಿಡಬಾರದೆಂದು. ಗಾಡಿಯ ಜವಾಬ್ದಾರಿ ಅಣ್ಣ ನಿನಗೇ ವಹಿಸಿದ್ದರು. ಆದರೂ ನೀನು ನನ್ನನ್ನು ಕೇಳದೆ ಒಂದು ಕೆಲಸವನ್ನೂ ಮಾಡುತ್ತಿರಲಿಲ್ಲ.

"ವೈನಿ, ನಾಳೆ ಗಾಡಿ ಚಿಕ್ಕೋಡಿಗೆ ಒಯ್ತೀನ್ರಿ. ಆಯಿಲ್ ಬದಲಿ ಮಾಡ್ಸೂ ಟೈಮ್ ಆಗೇತಿ."

ತೆಗೆದ ಆಯಿಲ್ ಗ್ಯಾರೇಜಿನ ಅಂಗಳದಲ್ಲಿ ಚೆಲ್ಲಾಡುವುದನ್ನು, ಜನ ಚಪ್ಪಲಿಗಾಲಲ್ಲಿ ತುಳಿದಾಡುವುದನ್ನು ನೋಡಿದ್ದೆ. ಅದರೊಳಗೆ ಮಲ್ಲಯ್ಯನ ಭಂಡಾರ! ಆ ಪಾಪ ನಮ್ಮ ಮನೆಗೇ ತಟ್ಟುತ್ತದೆಂದು ಹೆದರಿದೆ. ನಿಜ ಹೇಳಿದ್ದರೆ ನೀನು ಹೊಟ್ಟೆ ಹಿಡಿದು ನಕ್ಕು, ಡಬ್ಬಿಯಲ್ಲಿ ತುಂಬಿಸಿಕೊಂಡು ಬಂದು ಯಾರೂ ತುಳಿಯದ ಮೂಲೆಯಲ್ಲಿ ಇಡುತ್ತಿದ್ದೆ. ಹೇಳಲು ನಾಚಿಕೆ — ಹುಚ್ಚಿ ಅನ್ನುತ್ತೀರೆಂದು. "ಹುಣ್ಣಿವಿ ಮುಗೀಲಿ" ಅಂದೆ. ಹುಣ್ಣಿಮೆ ಮುಗಿದ ಮೇಲೆ "ಕಬ್ಬು ಕಾರ್ಖಾನಿ ಮುಟ್ಟಲಿ" ಅಂದೆ. ಮತ್ತೆ ಕೇಳಿದಾಗ ಸಿಟ್ಟಿಗೆದ್ದು, "ನನ್ನ ಮಾತಿಗೆ ಕಿಮ್ಮತ್ ಇಲ್ಲೇನೋ? ಅಣ್ಣನ ಮುಂದ ತಗೀಬ್ಯಾಡ ಇದನ್ನ" ಅಂದುಬಿಟ್ಟೆ. ನೀನು ಗಾಡಿಗೆ ಮತ್ತೆ ಕಬ್ಬಿನ ಟ್ರೇಲರ್ ಕಟ್ಟಿದೆ.

ಶಿರಗುಪ್ಪಿಯ ದಾರಿಯಲ್ಲಿ, ಕಬ್ಬು ತುಂಬಿದ ಟ್ರೇಲರ್ ಎಳೆಯುತ್ತಿದ್ದಾಗ ಎಂಜಿನ್ ಜಾಮ್ ಆಯಿತು. ಮಿಸ್ತ್ರಿ ಬಿಚ್ಚಿ ನೋಡಿದರೆ ಆಯಿಲ್ ಹರಿಯುವ ದಾರಿಯೆಲ್ಲ ಕೆಸರು ಕಟ್ಟಿತ್ತು. ಮೊದಲ ಆಯಿಲ್ ಬದಲಿಸಿಯೇ ಇಲ್ಲ ಅಂದ. ಭಂಡಾರ ಎಷ್ಟು ಕೆಡಿಸಿತೋ, ಹಳೆಯ ಆಯಿಲ್ ಎಷ್ಟು ಕೆಡಿಸಿತೋ — ಇವತ್ತಿಗೂ ಗೊತ್ತಿಲ್ಲ. ಎರಡೂ ನನ್ನ ಕೆಲಸವೇ.

ಅಂಗಳದಲ್ಲಿ ಜನ ಸೇರಿತ್ತು. "ಯಾಕ ಮಾಡ್ಸಲಿಲ್ಲಲೇ?" ಎಂದು ಅಣ್ಣ ಕೂಗಿದರು. ನೀನು ಒಮ್ಮೆ ನನ್ನತ್ತ ನೋಡಿದೆ. ನಾನು ಸೆರಗು ಸರಿಮಾಡಿಕೊಳ್ಳುತ್ತ ನಿಂತೆ.

"ಮರತ್ಬಿಟ್ನಿ, ಅಣ್ಣಾ."

ನನ್ನನ್ನು ಉಳಿಸಲು ನೀನು ಹೇಳಿದ ಆ ಸುಳ್ಳನ್ನು ನಾನು ನಿನ್ನ ಮೇಲೆ ಹೊರಿಸಿ ಬಿಟ್ಟೆ. ಅಂದಿನಿಂದ ಗಾಡಿಯ ಕೀಲಿ ನಿನ್ನ ಕೈಗೆ ಬರಲಿಲ್ಲ. ಬೇರೆಯವರೂ ಕೊಡಲಿಲ್ಲ — ಹೊಸ ಎಂಜಿನ್ ತಿಂದವನೆಂದು ಸುತ್ತಲಿನ ಊರಲ್ಲೆಲ್ಲ ಹೆಸರಾಯಿತು. ಗಾಡಿಯೆಂದರೆ ಜೀವ ಬಿಡುತ್ತಿದ್ದವನು ನಿಪ್ಪಾಣಿಗೆ ಹೋಗಿ ತಂಬಾಕಿನ ಚೀಲ ಹೊತ್ತೆ. ಹಬ್ಬ ಬಂದಾಗಲೆಲ್ಲ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿ ಕಳಿಸಿದೆ. ಅದರಿಂದ ಋಣ ತೀರಿತೆಂದು ನನ್ನನ್ನೇ ನಂಬಿಸಿಕೊಂಡೆ — ಥೂ.

ಮೊನ್ನೆ ನೀನು ನಿಪ್ಪಾಣಿಯಿಂದ ಬಂದಿದ್ದೆಯಲ್ಲ, ಹೊಸ ಟ್ರ್ಯಾಕ್ಟರ್ ತರುವ ಮಾತು ಬಂದಾಗ ಬೀಗರ ಮುಂದೆ ಅಣ್ಣ ಏನೆಂದರು? "ಯಾರರ ಹೊಡೀಲಿ, ನಮ್ಮ ರಾಜೂಗ ಅಷ್ಟ ಮುಟ್ಟಾಕ ಕೊಡಬ್ಯಾಡ್ರಿ." ಎಲ್ಲರೂ ನಕ್ಕರು. ತಲೆ ತಗ್ಗಿಸಿ ನೀನೂ ನಕ್ಕೆ. ಚಹಾ ಕೊಡುತ್ತಿದ್ದ ನಾನು — ನಾನೂ ನಕ್ಕೆ, ರಾಜು. ಅವತ್ತಿನಿಂದ ನನಗೆ ಅನ್ನ ಸೇರುತ್ತಿಲ್ಲ.

ರವಿವಾರ ಗಾಡಿ ಬರುತ್ತದೆ. ಅದೇ ಜನ ಬರುತ್ತಾರೆ. ಅವರೆಲ್ಲರ ಎದುರು, ಅಣ್ಣನ ಎದುರು, ಇಷ್ಟನ್ನೂ ನಾನೇ ಹೇಳುತ್ತೇನೆ. ನಿನಗೆ ಮೊದಲೇ ತಿಳಿಸುತ್ತಿರುವುದು ಕ್ಷಮೆ ಕೇಳಲಿಕ್ಕಲ್ಲ, ಅದನ್ನು ಕೇಳುವ ಮುಖ ನನಗಿಲ್ಲ. ನಾನು ಬಾಯಿ ತೆರೆದಾಗ ನೀನು ಮತ್ತೆ ಅಡ್ಡ ಬಂದು, "ಇಲ್ರಿ, ತಪ್ಪು ನಂದ ಐತಿ" ಅನ್ನಬಾರದು. ಅದಕ್ಕೆ.