ನಲವತ್ತು ಮೀಟರಿನ ಮೇಲೆ ಒಂದು ಮನೆಯ ಜಗಳ

ಮನೆಗೆ ಬೀಗ ಹಾಕಿ ಬಸ್‌ಸ್ಟ್ಯಾಂಡಿನವರೆಗೆ ಹೋಗಿ, ಹಾಕಿದೆನೋ ಇಲ್ಲವೋ ಎಂದು ತಿರುಗಿ ಬರುವ ಜಾತಿಯವನು ನಾನು. ಅಂಥವನು ತಾನೇ ಬೆಸುಗೆ ಹಾಕಿದ ಪೆಟ್ಟಿಗೆಯಿಂದ ಆಕಾಶಕ್ಕೆ ಮಾತು ಕಳಿಸುವ ಹವ್ಯಾಸಕ್ಕೆ ಹೇಗೆ ಬಿದ್ದೆ ಎಂದು ಹೆಂಡತಿ ಇವತ್ತಿಗೂ ಕೇಳುತ್ತಾಳೆ. ಪೆಟ್ಟಿಗೆ ಕೆಲಸ ಮಾಡುವಾಗಲೂ ನನಗೆ ಚಿಂತೆ, ಮಾಡದಿದ್ದಾಗಲೂ ಚಿಂತೆ.

ಎಂಬತ್ತರ ದಶಕದ ಕೊನೆಯ ಮಾತು. ಹ್ಯಾಮ್ ರೇಡಿಯೋ ಅಂದರೆ ಚಿಕ್ಕೋಡಿಯಲ್ಲಿ ಯಾರಿಗೂ ತಿಳಿಯುತ್ತಿರಲಿಲ್ಲ. ಮಾಳಿಗೆಯ ಮೇಲೆ ನಾನು ಕಟ್ಟಿದ್ದ ಉದ್ದನೆಯ ಏರಿಯಲ್ ತಂತಿಯ ಮೇಲೆ ಓಣಿಯವರು ಸೀರೆ ಒಣಹಾಕಲು ಕೇಳುತ್ತಿದ್ದರು. ನಾವೋ, ಸರಕಾರದ ಪರೀಕ್ಷೆ ಪಾಸು ಮಾಡಿ, ಲೈಸೆನ್ಸು ಪಡೆದು, ಹೆಸರಿನ ಬದಲು ಅಕ್ಷರ ಅಂಕಿಗಳ ಕರೆಸಂಜ್ಞೆ ಇಟ್ಟುಕೊಂಡ ಮಂದಿ. ಅಥಣಿ, ರಾಯಬಾಗ, ಕಾಗವಾಡದವರನ್ನೂ ಸೇರಿಸಿ ಎಲ್ಲರನ್ನೂ ಒಂದು ಟೆಂಪೋದಲ್ಲಿ ಕೂಡ್ರಿಸಿದರೂ ಜಾಗ ಉಳಿಯುತ್ತಿತ್ತು. ಆದರೆ ಭಾನುವಾರ ಬೆಳಿಗ್ಗೆ ನಲವತ್ತು ಮೀಟರಿನ ತರಂಗಪಟ್ಟಿಯಲ್ಲಿ ಎಲ್ಲರೂ ಒಟ್ಟಿಗೆ ಕೂಡಿದರೆ, ದೇಶದ ಅರ್ಧ ಭಾರ ನಮ್ಮ ತಂತಿಗಳ ಮೇಲೇ ನಿಂತಂತೆ ಅನ್ನಿಸುತ್ತಿತ್ತು.

ಗಾಳಿಯಲ್ಲಿ ರಾಜಕೀಯ ಬೇಡ, ಜಗಳ ಬೇಡ ಎಂಬುದು ನಮ್ಮ ಕಟ್ಟುನಿಟ್ಟು. ಹಾಗಾಗಿ ಉಳಿಸಿಕೊಂಡ ಜಗಳವನ್ನೆಲ್ಲ ನಮ್ಮ ಮನೆಯ ಪಡಸಾಲೆಗೆ ತಂದು ಆಡುತ್ತಿದ್ದೆವು. ವಿಷಯ ಸಾಮಾನ್ಯವಾಗಿ ಒಂದೇ: ಮಿಲಿಟರಿ.

ಒಂದು ಕಡೆ ಸದಲಗಾದ ಹವಾಲ್ದಾರರು. ಸೈನ್ಯದ ಸಿಗ್ನಲ್ ವಿಭಾಗದಿಂದ ನಿವೃತ್ತರಾಗಿ ಬಂದು ಎಮ್ಮೆ ಕಟ್ಟಿದವರು. ಎಮ್ಮೆಗಳೂ ಅವರೆದುರು ಸಾಲಾಗಿ ನಿಲ್ಲುತ್ತಿದ್ದವು. ಇನ್ನೊಂದು ಕಡೆ ನಿಪ್ಪಾಣಿಯ ರೇಡಿಯೋ ಮಿಸ್ತ್ರಿ, ಅರ್ಧ ಕನ್ನಡ ಅರ್ಧ ಮರಾಠಿ, ಪೂರ್ತಿ ಕುಚೇಷ್ಟೆ.

"ನಿಮ್ಮ ಪೆಟಗ್ಯಾಗ ಏನೈತ್ರಿ?" ಎಂದು ಹವಾಲ್ದಾರರು ಶುರು ಮಾಡುವರು. "ವಾಲ್ವ್ ಮಿಲಿಟರೀದು, ಮೋರ್ಸ್ ಕೀ ಮಿಲಿಟರೀದು, ಕಿವಿಗೆ ಹಾಕ್ಕೊಳ್ಳೂದೂ ಮಿಲಿಟರೀದು. ನಮ್ಮ ಹಳೇ ಸಾಮಾನ ಬೇಕು, ನಮ್ಮ ನೌಕರಿ ಬ್ಯಾಡ!"

"ಗುಜರಿ ತಗೊಂಡವ್ರೆಲ್ಲ ಭರ್ತಿ ಆಗಬೇಕಂದ್ರ ಕೊಲ್ಹಾಪುರದ ಗುಜರಿಯಾಂವ ಇಷ್ಟೊತ್ತಿಗೆ ಜನರಲ್ ಆಗಿರ್ತಿದ್ದ, ಮಾಮಾ," ಎಂದು ಮಿಸ್ತ್ರಿ. "ನಮ್ದು ಹೌಸ್, ಖುಷಿಗಾಗಿ ಮಾಡೂದು. ಹುಕುಮ್ ಬಂತಂದ್ರ ಹೌಸ್ ಸತ್ತಹೋಗತೈತಿ."

ನಾನು ಇಬ್ಬರಿಗೂ ಹೌದು ಎನ್ನುತ್ತಿದ್ದೆ, ಆ ವರ್ಷ ಜಗಳ ನಮ್ಮ ಮನೆಯೊಳಗೇ ಕಾಲಿಡುವವರೆಗೆ. ನನ್ನ ತಮ್ಮ ಸೈನ್ಯದ ಸಿಗ್ನಲ್ಸ್‌ಗೆ ಹೋಗುತ್ತೇನೆಂದು ನಿಂತ. ಬೆಳಗಾವಿಯಲ್ಲಿ ಭರ್ತಿ ಒಂದೇ ವಾರದಲ್ಲಿತ್ತು. ಅಪ್ಪ ಇರಲಿಲ್ಲ, ಅವ್ವ ಎಲ್ಲದಕ್ಕೂ "ನಿಮ್ಮ ಅಣ್ಣನ್ನ ಕೇಳ" ಎನ್ನುವಳು.

"ನೀ ಹೂಂ ಅಂದ್ರ ಹೋಗ್ತೀನಿ ಅಣ್ಣಾ. ಇಲ್ಲಾಂದ್ರ ಇಲ್ಲ," ಎಂದಿದ್ದ. ಎದುರು ಮಾತಾಡಿದ್ದರೆ ಸುಲಭವಿತ್ತು.

ನಾನು ಹೂಂ ಅನ್ನಲಿಲ್ಲ, ಉಹೂಂ ಅನ್ನುವ ಧೈರ್ಯವೂ ಆಗಲಿಲ್ಲ. "ನಿನ್ನ ಎದಿ ಸಣ್ಣದೈತಿ, ತಗೊಳ್ಳಾಂಗಿಲ್ಲ. ಓಡಾಕ ಆಗೂದಿಲ್ಲ. ಥಂಡಿ ತಡ್ಯಾಂಗಿಲ್ಲ," ಎಂದೆಲ್ಲ ಅವನನ್ನೇ ಸಣ್ಣವನನ್ನಾಗಿ ಮಾಡುತ್ತ ದಿನ ದೂಡಿದೆ.

ಉದ್ದ ಗಿಡ್ಡ ಸದ್ದುಗಳಲ್ಲಿ ಅಕ್ಷರ ಕಳಿಸುವ ಮೋರ್ಸ್ ಅವನಿಗೆ ಕಲಿಸಿದವನು ನಾನು. ಕೀ ಒತ್ತುವ ರೀತಿಯನ್ನು ನಾವು 'ಕೈ' ಎನ್ನುತ್ತೇವೆ. ಅಕ್ಷರ ನೋಡಿ ಬರೆದವರನ್ನು ಗುರುತಿಸುವಂತೆ, ಕೈ ಕೇಳಿದರೆ ಯಾರೆಂದು ತಿಳಿಯುತ್ತದೆ. ನನ್ನ ಕೈಗೆ ಒಂದು ರೋಗ: ಕೊನೆಯ ಉದ್ದ ಸದ್ದನ್ನು ಬಿಡಲಾರದೆ ಎಳೆಯುತ್ತೇನೆ. ಮಿಸ್ತ್ರಿ ಅದಕ್ಕೆ ಎಮ್ಮೆ ಬಾಲ ಎಂದು ಹೆಸರಿಟ್ಟಿದ್ದ. ತಮ್ಮನ ಕೈ ಹರಿಯುವ ನೀರು. ಆದರೆ ತುದಿಯಲ್ಲಿ ಅದೇ ಬಾಲ.

ಭರ್ತಿಯ ಹಿಂದಿನ ಭಾನುವಾರ ಅವನು ಹವಾಲ್ದಾರರ ಹೊಸ ತಂತಿ ಕಟ್ಟಿಕೊಡಲು ಸದಲಗಾಕ್ಕೆ ಹೋಗಿದ್ದ. ಕಟ್ಟಿದ ಮೇಲೆ ಅವರ ಸೆಟ್ಟಿಗೆ ಕೂತು ನಮ್ಮ ಕರೆಗೆ ಕಾಯಬೇಕು, ನಾವು ಚಿಕ್ಕೋಡಿಯಿಂದ ಕರೆದು ಪರೀಕ್ಷೆ ಮಾಡಬೇಕು ಎಂದು ಮಾತಾಗಿತ್ತು. ಹವಾಲ್ದಾರರು ಅದಕ್ಕೇ ನಮ್ಮಲ್ಲಿಗೆ ಬಂದಿದ್ದರು. ಮಿಸ್ತ್ರಿಯೂ ಬಂದಿದ್ದ. ಸೆಟ್ಟು ಬಿಸಿಯಾಗಲೆಂದು ಚಾಲೂ ಇಟ್ಟು ಚಹಾ ಕುಡಿಯುವಷ್ಟರಲ್ಲಿ ಜಗಳ ಹತ್ತಿಕೊಂಡಿತು.

"ಹುಡುಗ ಹೋಗ್ತೀನಿ ಅಂತಾನ, ನೀವು ಬಾಗಲಾ ಹಿಡ್ಕೊಂಡ ನಿಂತೀರಿ!" ಎಂದು ಹವಾಲ್ದಾರರು ಮೇಜನ್ನು ಗುದ್ದಿದರು.

"ಮೇಜ ಮುರೀಬ್ಯಾಡ ಮಾಮಾ, ಅದರ ಮ್ಯಾಲೆ ಸೆಟ್ ಐತಿ," ಎಂದ ಮಿಸ್ತ್ರಿ.

"ಹೇಳ್ರಿ ರಾವಸಾಹೇಬ್ರ, ನಿಮ್ಮ ತಮ್ಮ ನಾಪಾಸ್ ಆಗ್ತಾನಂತ ಅಂಜಿಕಿ ಏನ ನಿಮಗ?" ಎಂದು ಹವಾಲ್ದಾರರು ನನ್ನ ಕಡೆ ತಿರುಗಿದರು.

ನೀರಾವರಿ ಕಚೇರಿಯ ಗುಮಾಸ್ತನಾದ ನನ್ನನ್ನು ರಾವಸಾಹೇಬ ಎಂದರೆ ಏನರ್ಥ ಎಂದು ನನಗೂ ಗೊತ್ತಿತ್ತು. ಸಿಟ್ಟು ಬಂತು.

"ನಾಪಾಸ್? ಅಂವಾ? ಈ ಸುತ್ತಲ ತಾಲೂಕಿನಾಗ ಅಂಥಾ ಕೈ ಇನ್ನೊಂದು ತೋರಸ್ರಿ! ನಿಮ್ಮ ಕೈ ತಂದು ಮಗ್ಗಲಕ ಇಡ್ರಿ, ನಿಮ್ಮದ ಸಪ್ಪಗ ಕಾಣ್ತೈತಿ. ಅಂವಾ ನಾಪಾಸ್ ಆಗ್ತಾನಂತ ನನಗ ಅಂಜಿಕಿ ಇಲ್ರಿ, ಖಂಡಿತ ಪಾಸ್ ಆಗ್ತಾನಲ್ಲ, ಅದ ಅಂಜಿಕಿ! ಅಂವಾ ಹ್ವಾದ ಮ್ಯಾಲೆ ಹೊತ್ತ ಹೊಂಟರ ನಾ ಯಾರ ಕೈ ಕೇಳ್ಲಿ?"

ಹವಾಲ್ದಾರರು ನನ್ನ ಮುಖವನ್ನೇ ನೋಡಿದರು. ಮಿಸ್ತ್ರಿ ಮಾತ್ರ ನನ್ನ ಮುಖ ನೋಡುತ್ತಿರಲಿಲ್ಲ, ಸೆಟ್ಟಿನ ಮೇಲಿನ ಸಣ್ಣ ಬಲ್ಬು ನೋಡುತ್ತಿದ್ದ. ತಂತಿಗೆ ಮಾತು ಹೋಗುತ್ತಿದೆಯೋ ಇಲ್ಲವೋ ಎಂದು ತಿಳಿಯಲು, ನನ್ನ ಚಿಂತೆಯ ಸಮಾಧಾನಕ್ಕೆಂದೇ, ನಾನು ಹಾಕಿದ್ದ ಟಾರ್ಚಿನ ಬಲ್ಬು ಅದು.

"ಅಯ್ಯೋ, ಏನಾತೋ?" ಎಂದೆ. 'ಅಯ್ಯೋ'ಗೆ ಅದು ಫಕ್ಕನೆ ಹೊಳೆಯಿತು, 'ಏನಾತೋ'ಗೆ ಮಿಣುಕಿತು.

ಮೇಜಿನ ಗುದ್ದಿಗೆ ಸಡಿಲ ಸ್ವಿಚ್ಚು ಕೇಳುವ ಕಡೆಯಿಂದ ಹೇಳುವ ಕಡೆಗೆ ಬಿದ್ದಿತ್ತು. ನಮ್ಮ ಮನೆಯ ಜಗಳ, ಆ ಗುದ್ದಿನಿಂದ ಮುಂದಿನದೆಲ್ಲ, ಮೇಜಿನ ಮೈಕಿನಿಂದ ನಲವತ್ತು ಮೀಟರಿನ ಮೇಲೆ ಹೋಗಿತ್ತು! ಲೈಸೆನ್ಸು ಹೋಯಿತು, ನೌಕರಿ ಹೋಯಿತು, ಮಾನ ಹೋಯಿತು ಎಂದು ಲೆಕ್ಕ ಹಾಕುತ್ತಲೇ ಸ್ವಿಚ್ಚು ಮೇಲೆತ್ತಿದೆ. ಮೊದಲು ಕೇಳಿಸಿದ್ದು ಕೊಲ್ಹಾಪುರ ಕಡೆಯ ಯಾರದೋ ದನಿ: "ದಾದಾ, ಜಾಊ ದ್ಯಾ ಕೀ ತ್ಯಾಲಾ!" ಹೋಗಲಿ ಬಿಡಿ ಅವನು, ಎಂದು. ಅದರ ಹಿಂದೆಯೇ ಅಥಣಿಯ ದ್ರಾಕ್ಷಿ ತೋಟದ ಗೌಡರು: "ಇಲ್ಲೆ ಚಾದ ಕಪ್ಪ ಆರಿ ಹೋತ್ರಿ, ಮುಂದ ಏನಾತ ಹೇಳ್ರೆಲಾ!"

ಆಮೇಲೆ ಎಲ್ಲರೂ ದಾರಿ ಬಿಟ್ಟರು. ಸದಲಗಾದಿಂದ ಮೋರ್ಸ್ ಬರತೊಡಗಿತ್ತು. ಹವಾಲ್ದಾರರ ಸೆಟ್ಟಿಗೆ ಮೈಕು ಇರಲಿಲ್ಲ. ಮೈಕು ಹೆದರುವವರಿಗೆ ಎನ್ನುತ್ತಿದ್ದರು. ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡದ ಒಂದೇ ಮಾತು: ಹೋಗಲಾ. ಕೊನೆಯಲ್ಲಿ ಎಮ್ಮೆ ಬಾಲ.

ನಾನು ಕೀ ಹತ್ತಿರ ಎಳೆದುಕೊಂಡೆ. ಮುಟ್ಟಿತು ಎನ್ನುವುದಕ್ಕೆ ಒಂದೇ ಅಕ್ಷರ ಸಾಕು. ಅದನ್ನೊಂದು ಒತ್ತಿ ಕೈ ತೆಗೆದೆ.

"ಮುಟ್ಟೇತಿ ಅಂತ ಎಲ್ಲಾರಿಗೂ ಗೊತ್ತೈತ್ರಿ," ಎಂದರು ಹವಾಲ್ದಾರರು, ಈ ಸಲ ಮೆತ್ತಗೆ. "ಏನಂತೀರಿ ಹೇಳ್ರಿ."

ನಮ್ಮಲ್ಲಿ ಯಾರಿಗೂ ಬರಿದೇ 'ಹೋಗು' ಅನ್ನುವುದಿಲ್ಲ. 'ಹೋಗಿ ಬಾ' ಎಂದು ಒತ್ತಿದೆ. 'ಬಾ' ಸರಿಯಾಗಿ ಹೋಯಿತೋ ಇಲ್ಲವೋ ಎನ್ನಿಸಿ ಇನ್ನೊಮ್ಮೆ ಒತ್ತಿದೆ. ಆಮೇಲೆ ಮತ್ತೊಮ್ಮೆ.

"ಒಂದ ಸಲ ಸಾಕ್ರಿ, ಬ್ಯಾಂಡ್ ಸ್ವಚ್ಛ ಐತಿ, ಮುಟ್ಟಿರತೈತಿ," ಎಂದು ಹವಾಲ್ದಾರರು ಕಿಟಕಿಯ ಕಡೆ ತಿರುಗಿಕೊಂಡರು.

ತಮ್ಮ ಪಾಸಾದ. ಲೈಸೆನ್ಸು ಕೇಳಿಕೊಂಡು ಯಾರೂ ಬರಲಿಲ್ಲ, ಆದರೆ ನಾನು ವರ್ಷವಿಡೀ ಅಂಚೆಯವನನ್ನು ಕಂಡರೆ ಒಳಗೆ ಹೋಗುತ್ತಿದ್ದೆ. ಮೊದಲ ರಜೆಗೆ ತಮ್ಮ ಬಂದಾಗ ಭಾನುವಾರ ನಮ್ಮ ಪಡಸಾಲೆ ತುಂಬಿತ್ತು. ಕೀ ಮುಂದೆ ಕೂತ. ಎದೆ ಸಣ್ಣದಿರಲಿಲ್ಲ. ಹೊರಟಿತು ನೋಡಿ ಕೈ, ಅಳೆದು ಕತ್ತರಿಸಿದ ಹಾಗೆ.

"ಬಘಾ, ನೋಡ್ರಿ! ಹುಕುಮ್ ಬಂತು, ಹೌಸ್ ಹೋತು," ಎಂದು ಮಿಸ್ತ್ರಿ ನಿಟ್ಟುಸಿರಿಟ್ಟ.

"ಇದಕ್ಕ ಕೈ ಅಂತಾರ," ಎಂದರು ಹವಾಲ್ದಾರರು. "ನೀವು ಹೊಡ್ಯೂದಕ್ಕ ಕಡ್ಡಿ ಆಡಸೂದಂತಾರ."

ಇಬ್ಬರೂ ತೀರ್ಪಿಗೆ ನನ್ನ ಕಡೆ ನೋಡಿದರು. ನಾನು ಕೈ ತೋರಿಸಿ ಸುಮ್ಮನಿರಿಸಿದೆ. ಕಾಗವಾಡದವರೊಡನೆ ಮಾತು ಮುಗಿಸಿ ಅವನು ವಿದಾಯದ ಸಂಜ್ಞೆ ಒತ್ತುತ್ತಿದ್ದ. ಎಪ್ಪತ್ತಮೂರು ಎಂಬ ಆ ಅಂಕಿ ಉದ್ದ ಸದ್ದಿನಲ್ಲೇ ಮುಗಿಯುತ್ತದೆ. ಎಲ್ಲ ಚೊಕ್ಕವಾಗಿ ಬಂದು, ಕೊನೆಯ ಸದ್ದಿಗೆ ಅವನ ಬೆರಳು ಕೀ ಬಿಡಲಾರದೆ ಒಂದು ಗಳಿಗೆ ನಿಂತಿತು. ಮಿಸ್ತ್ರಿ ನಕ್ಕ. ದೇಶದ ಸೈನ್ಯವೇ ತಿದ್ದಲು ಕೂತರೂ ಹೋಗದಿದ್ದ ನನ್ನ ತಪ್ಪು ಅದು. ನಾನು ಎದ್ದು ಎಲ್ಲರಿಗೂ ಇನ್ನೊಂದು ಸಲ ಚಹಾ ಹೇಳಿದೆ.